ಆಕಾಶಕ್ಕೆ ನೀಲಬಣ್ಣವೇಕೆ?

ಈ ತಿಂಗಳು ನಾವು ಒಂದು ಸಾಲವನ್ನು ತೀರಿಸಬೇಕಾಗಿದೆ. ಅದು ಹಣದ ಸಾಲವಲ್ಲ, ಮಾತಿನದು. ಕೊಡಬೇಕಾದದ್ದು ಏಳು ವರುಷದ ಒಬ್ಬ ಹುಡುಗನಿಗೆ. ಆದರೆ ಇಂಥ ಸಾಲವು ನಮ್ಮ ವಾಚಕರಲ್ಲಿ ಅನೇಕರ ಮನೆಗಳಲ್ಲಿಯೂ ಉಳಿದಿರಬಹುದಾದ್ದರಿಂದ, ಎಲ್ಲರ ಎದುರಿಗೇ ತೀರಿಸುವದು ಒಳ್ಳೆಯದೆಂದು ಬಗೆದಿರುವೆವು.

ಕಳೆದ ಶ್ರಾವಣಮಾಸದಲ್ಲಿ ವಿಜಯಪುರ ಜಿಲ್ಲೆಯ ತಾಳಿಕೋಟೆಯಲ್ಲಿ ಸ್ನೇಹಿತರೊಬ್ಬರ ಮನೆಗೆ ಹೋಗಿದ್ದೆವು. ತಾಳಿಕೋಟೆಯೆಂದ ಕೂಡಲೆ ಓದಿದವರಿಗೆ 1565ನೆಯ ಇಸವಿಯ ಜನೇವರಿ ತಿಂಗಳಿನ ಕಾಳಗವು ನೆನಪಾಗುವದು. ಆ ಕಾಳಗವು ನಡೆದದ್ದು ಊರಲ್ಲಲ್ಲ. ದಕ್ಷಿಣಕ್ಕೆ ಕೃಷ್ಣೆಯ ಕಡೆಗೆ, ರಕ್ಕಸಗಿ ತಂಗಡಗಿಗಳ ಬದಿಯಲ್ಲಿ ಎಂದು ಇತಿಹಾಸ ಬಲ್ಲವರು ಹೇಳುವರು. ಊರವರಿಗಾದರೋ ಹಳೆಯ ಕಾಳಗಕ್ಕಿಂತ ಡೋಣಿಯ ಹೊಳೆಯ ಚಿಂತೆಯೇ ಹೆಚ್ಚಿನದು. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂಬ ನಾಣ್ಣುಡಿಯು ಆ ಸೀಮೆಯ ಮಕ್ಕಳಿಗೂ ಬಾಯಿಪಾಠವಾಗಿದೆ. ಮಳೆಗಾಗಿ ಮುಗಿಲನ್ನು ನೋಡದೆ ಅಲ್ಲಿ ಯಾರಿಗೂ ದಿನವು ಕಳೆಯುವದಿಲ್ಲ.

ಹಿಂದಿನ ರಾತ್ರಿ ಒಳ್ಳೆಯ ಮಳೆಯಾಗಿತ್ತು. ಬೆಳಿಗ್ಗೆ ನಾವೆಲ್ಲರೂ ಮಾಳಿಗೆಯ ಮೇಲೆ ಕುಳಿತು ಚಹ ಕುಡಿಯುತ್ತಿದ್ದೆವು. ಮೋಡಗಳು ಸರಿದು, ತೊಳೆದಿಟ್ಟಂಥ ಅಚ್ಚನೀಲಿಯ ಆಕಾಶವು ತಲೆಯ ಮೇಲೆ ಹರಡಿತ್ತು. ಆಗ ಸ್ನೇಹಿತರ ಮಗನು ತನ್ನ ಅಜ್ಜನ ತೊಡೆಗೆ ಆತುಕೊಂಡು, ‘ಮುತ್ಯಾ, ಮುಗಿಲು ಯಾಕ ನೀಲಿ ಐತಿ?’ ಎಂದು ಕೇಳಿದನು. ಅಜ್ಜನು ಬಾಯಿ ತೆರೆಯುವ ಮೊದಲೇ ಸ್ನೇಹಿತರು, ‘ಸಮುದ್ರದ ನೀರು ನೀಲಿ ಇರ್ತದ, ಅದರ ನೆರಳು ಮುಗಿಲಾಗ ಬೀಳ್ತದ’ ಎಂದರು. ಅವರು ನಮ್ಮತ್ತ ನೋಡಲು, ನಾವೂ ತಲೆದೂಗಿದೆವು. ಹುಡುಗನು ತುಸು ಹೊತ್ತು ಸುಮ್ಮನಿದ್ದು, ‘ನಮ್ಮೂರಾಗ ಸಮುದ್ರ ಎಲ್ಲೈತಿ ಅಪ್ಪಾ? ಡೋಣಿ ನೀರು ರಾಡಿ ಐತಿ. ಹಂಗಾದರ ಮುಗಿಲೂ ರಾಡಿ ಯಾಕಿಲ್ಲ?’ ಎಂದನು. ‘ದೊಡ್ಡವರಿಗೆ ಎದುರು ಮಾತಾಡಬ್ಯಾಡ, ಹೋಗಿ ಪಾಠ ಓದು’ ಎಂದು ತಂದೆಯು ಗದರಿಸಿದನು. ಹುಡುಗನ ಮೋರೆಯು ಸಣ್ಣದಾಯಿತು. ಅವನು ಮೆಟ್ಟಲಿಳಿದು ಹೋಗುತ್ತಿರಲು ಅಜ್ಜನು ಮಾತ್ರ, ‘ನನಗೂ ಗೊತ್ತಿಲ್ಲ ತಮ್ಮಾ. ಗೊತ್ತಿದ್ದವರನ್ನ ಕೇಳೋಣು’ ಎಂದು ಮೆಲ್ಲಗೆ ನುಡಿದನು.

ಅಂದು ಆ ಮಾಳಿಗೆಯ ಮೇಲೆ ಇದ್ದವರಲ್ಲಿ ಇಬ್ಬರೇ ಸತ್ಯವನ್ನು ಆಡಿದವರು: ಏಳು ವರುಷದವನೊಬ್ಬನು, ಎಪ್ಪತ್ತು ದಾಟಿದವನೊಬ್ಬನು. ನಡುವೆ ಕುಳಿತ ನಾವು, ಓದು ಬರಹ ಬಲ್ಲವರು, ಕೇಳಿದ್ದನ್ನೇ ಕೇಳಿ ತಲೆದೂಗಿದೆವು. ಆ ತಲೆದೂಗುವಿಕೆಯು ನಮಗೆ ಮುಳ್ಳಿನಂತೆ ಚುಚ್ಚುತ್ತಲಿದೆ. ಏಕೆಂದರೆ ಹುಡುಗನ ಆಕ್ಷೇಪಣೆಯು ಪೂರಾ ನ್ಯಾಯವಾದದ್ದು. ತಾಳಿಕೋಟೆಯಿಂದ ಪಡುವಣ ಕಡಲಿಗೆ ನೆಟ್ಟಗೆ ಅಳೆದರೂ ಸುಮಾರು 300 ಕಿಲೋಮೀಟರು. ಇಷ್ಟು ದೂರದ ನೀರು ಇಲ್ಲಿಯ ಮುಗಿಲಿಗೆ ಬಣ್ಣ ಕೊಡುವದಾದರೆ, ಕಾಲಬುಡದ ಎರೆಭೂಮಿಯು ಅದನ್ನು ಕಪ್ಪು ಮಾಡಬೇಡವೆ?

ಹಾಗಾದರೆ ನಿಜವಾದ ಕಾರಣವೇನು? ಅದನ್ನು ಹುಡುಕಲು ಆಕಾಶಕ್ಕೇ ಏರಬೇಕಾಗಿಲ್ಲ. ಅಡಿಗೆಯ ಮನೆಗೆ ಹೋದರೆ ಸಾಕು.

ಹಾಲಿನವನು ನೀರು ಬೆರಸಿದ್ದನ್ನು ನಮ್ಮ ತಾಯಂದಿರು ಹೇಗೆ ಕಂಡುಹಿಡಿಯುವರು? ಪಾತ್ರೆಯ ಅಂಚಿನಲ್ಲಿ ಹಾಲು ನಸುನೀಲಿಯಾಗಿ ಕಾಣುವದು. ಹಾಲಿನಲ್ಲಿ ನೀಲಬಣ್ಣವಿಲ್ಲ, ನೀರಿನಲ್ಲಿಯೂ ಯಾರೂ ನೀಲಿಯನ್ನು ಕರಗಿಸಿಲ್ಲ. ಎರಡೂ ಕೂಡಿದಾಗ ನೀಲಿಯು ಎಲ್ಲಿಂದ ಬಂದಿತು? ಇದನ್ನು ಇನ್ನೂ ಚೆನ್ನಾಗಿ ನೋಡಬೇಕೆಂಬವರು ಒಂದು ಗಾಜಿನ ಲೋಟದ ತುಂಬ ತಿಳಿನೀರನ್ನು ತೆಗೆದುಕೊಂಡು ಅದರಲ್ಲಿ ನಾಲ್ಕಾರು ಹನಿ ಹಾಲನ್ನು ಕಲಕಬೇಕು. ರಾತ್ರಿಯ ಹೊತ್ತು ದೀಪವಾರಿಸಿ, ಲೋಟದ ಒಂದು ಮಗ್ಗಲಿಗೆ ಬ್ಯಾಟರಿಯ ಬೆಳಕನ್ನು ಹಿಡಿಯಬೇಕು. ಪಕ್ಕದಿಂದ ನೋಡಿದರೆ ನೀರು ತಿಳಿನೀಲಿಯಾಗಿ ತೋರುವದು. ಎದುರಿಗೆ ನಿಂತು ಲೋಟದ ಮೂಲಕ ಬ್ಯಾಟರಿಯನ್ನೇ ನೋಡಿದರೆ ಅದರ ಬಿಳಿಯ ಬೆಳಕು ಹಳದಿಗೆ ತಿರುಗಿರುವದು. ಇನ್ನೆರಡು ಹನಿ ಹಾಲು ಬಿದ್ದರೆ ಹಳದಿಯು ಕೆಂಪಿನತ್ತ ಸರಿಯುವದು. ಹಾಲು ಮಿತಿಮೀರಿದರೆ ಮಾತ್ರ ಎಲ್ಲವೂ ಬರಿಯ ಬಿಳುಪಾಗುವದು. ಮಧ್ಯಾಹ್ನದ ನೀಲಾಕಾಶ, ಸಂಜೆಯ ಕೆಂಪು ಸೂರ್ಯ, ಬಿಳಿಯ ಮೋಡ, ಈ ಮೂರೂ ಒಂದೇ ಲೋಟದಲ್ಲಿ ನಮಗೆ ದೊರೆತವು.

ಇನ್ನು ಇದರ ಮರ್ಮವನ್ನು ವಿಚಾರಿಸುವ. ಸೂರ್ಯನ ಬೆಳಕು ಬಿಳಿಯದಾಗಿ ಕಂಡರೂ ಅದರಲ್ಲಿ ಕಾಮನಬಿಲ್ಲಿನ ಬಣ್ಣಗಳೆಲ್ಲವೂ ಅಡಗಿರುತ್ತವೆಂಬದನ್ನು ನ್ಯೂಟನ್ನನು 1666ರ ಸುಮಾರಿಗೆ ಗಾಜಿನ ಪಟ್ಟಕದಿಂದ ತೋರಿಸಿಕೊಟ್ಟನು. ಬೆಳಕು ತೆರೆತೆರೆಯಾಗಿ ಸಾಗುವದು. ಒಂದು ತೆರೆಯ ತಲೆಯಿಂದ ಮುಂದಿನ ತೆರೆಯ ತಲೆಗಿರುವ ಅಂತರವು ಬಣ್ಣಬಣ್ಣಕ್ಕೆ ಬೇರೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ, ಕೆಂಪಿನ ತೆರೆಯು ಅಂಥ ಸುಮಾರು 700 ಪಾಲುಗಳಷ್ಟು ಉದ್ದ, ನೀಲಿಯದು ಸುಮಾರು 450 ಪಾಲುಗಳಷ್ಟು, ನೇರಿಳೆಯದು ಸುಮಾರು 400 ಪಾಲುಗಳಷ್ಟು.

ಈ ಬೆಳಕು ನಮ್ಮನ್ನು ಮುಟ್ಟುವ ಮೊದಲು ವಾಯುಮಂಡಲವನ್ನು ದಾಟಿ ಬರಬೇಕು. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ, 21 ಪಾಲು ಆಮ್ಲಜನಕ. ಇವುಗಳ ಅಣುಗಳು ಬೆಳಕಿನ ತೆರೆಗಿಂತ ಸಾವಿರಪಟ್ಟಿಗೂ ಮಿಕ್ಕಿ ಚಿಕ್ಕವು. ಬೆಳಕು ಇಂಥ ಅಣುವಿನ ಮೇಲೆ ಹಾಯ್ದಾಗ ಅದರಲ್ಲಿಯ ವಿದ್ಯುತ್ಕಣಗಳು ಕಂಪಿಸಿ, ಬೆಳಕಿನ ತೀರ ಸ್ವಲ್ಪ ಅಂಶವನ್ನು ಎಲ್ಲ ದಿಕ್ಕುಗಳಿಗೂ ಚೆಲ್ಲುವವು. ಈ ಚೆಲ್ಲುವಿಕೆಯಲ್ಲಿ ಪಕ್ಷಪಾತವಿದೆ. ತೆರೆಯು ಗಿಡ್ಡದಾದಷ್ಟೂ ಅದು ಹೆಚ್ಚು ಚೆದರುವದು. ತೆರೆಯ ಉದ್ದವು ಅರ್ಧಕ್ಕಿಳಿದರೆ ಚೆದರಿಕೆಯು ಹದಿನಾರು ಪಟ್ಟು ಏರುವದು. ಈ ಲೆಕ್ಕದಂತೆ ಕೆಂಪಿಗಿಂತ ನೀಲಿಯು ಸುಮಾರು ಆರು ಪಟ್ಟು ಹೆಚ್ಚಾಗಿ ಚೆದರುತ್ತದೆ. ಕೆಂಪು ಹಳದಿಗಳು ಬಹುಮಟ್ಟಿಗೆ ನೆಟ್ಟಗೆ ಸಾಗಿಬರುವವು. ನೀಲಿಯು ದಾರಿಯುದ್ದಕ್ಕೂ ಚೆಲ್ಲುತ್ತ ಮುಗಿಲಿನ ಮೂಲೆಮೂಲೆಯಿಂದಲೂ ನಮ್ಮ ಕಣ್ಣಿಗೆ ಬೀಳುವದು. ಸಂತೆಯಿಂದ ಬರುವ ಬಂಡಿಯಲ್ಲಿ ದೊಡ್ಡ ಕುಂಬಳಕಾಯಿಗಳು ಮನೆ ಮುಟ್ಟಿ, ಸಣ್ಣ ಕಾಳು ಹಾದಿಯ ತುಂಬ ಸೋರಿದಂತೆ ಎಂದು ಮಕ್ಕಳಿಗೆ ಹೇಳಬಹುದು. ಉಪಮೆಯು ಉಪಮೆಯೇ ಸರಿ, ಆದರೂ ಗುರುತಿಗೆ ಸಾಕು.

ಈ ತತ್ತ್ವವು ಒಬ್ಬರಿಂದ ಒಂದೇ ದಿನದಲ್ಲಿ ಸಿದ್ಧವಾದದ್ದಲ್ಲ. ಟಿಂಡಲ್ ಎಂಬ ಶಾಸ್ತ್ರಜ್ಞನು 1860ರ ಮುಂದಿನ ದಶಕದಲ್ಲಿ ಗಾಜಿನ ಕೊಳವೆಯೊಳಗೆ ಅತಿ ಸೂಕ್ಷ್ಮವಾದ ಮಂಜನ್ನು ಹುಟ್ಟಿಸಿ, ಅದರಲ್ಲಿ ಆಕಾಶದ ನೀಲಿಯನ್ನೇ ಕಂಡನು. 1871ರಲ್ಲಿ ರೇಲೀ ಎಂಬ ಆಂಗ್ಲ ಪಂಡಿತನು ಮೇಲಿನ ಗಣಿತವನ್ನು ಕಟ್ಟಿದನು. ಬೆಳಕನ್ನು ಚೆದರಿಸುವದು ಗಾಳಿಯಲ್ಲಿ ತೇಲುವ ಧೂಳೋ ನೀರಿನ ಹನಿಯೋ ಎಂಬ ಶಂಕೆಯು ಇನ್ನೂ ಉಳಿದಿತ್ತು. ಅಂಥ ಪರಕೀಯ ಕಣಗಳು ಬೇಕಿಲ್ಲ, ಗಾಳಿಯ ಅಣುಗಳೇ ಸಾಕು ಎಂದು 1899ರಲ್ಲಿ ಅವನೇ ತೋರಿಸಿಕೊಟ್ಟನು.

ಇಲ್ಲಿ ಜಾಣ ಮಕ್ಕಳು ಇನ್ನೊಂದು ಪ್ರಶ್ನೆಯನ್ನು ಕೇಳದಿರರು: ನೇರಿಳೆಯ ತೆರೆಯು ನೀಲಿಗಿಂತಲೂ ಗಿಡ್ಡದಲ್ಲವೆ? ಹಾಗಾದರೆ ಮುಗಿಲು ನೇರಿಳೆಯ ಹಣ್ಣಿನಂತೆ ಏಕಿಲ್ಲ? ಸೂರ್ಯನ ಬೆಳಕಿನಲ್ಲಿ ನೇರಿಳೆಯ ಪಾಲು ನೀಲಿಗಿಂತ ಕಡಿಮೆ. ನಮ್ಮ ಕಣ್ಣುಗಳೂ ನೇರಿಳೆಯನ್ನು ಮಂದವಾಗಿ ಗ್ರಹಿಸುವವು. ಅದಲ್ಲದೆ ಆಕಾಶದಿಂದ ಬರುವದು ಒಂದೇ ಬಣ್ಣವಲ್ಲ, ನೀಲಿ ನೇರಿಳೆಗಳು ಮುಂದಾಗಿ ಎಲ್ಲ ಬಣ್ಣಗಳ ಮಿಶ್ರಣ. ಆ ಮಿಶ್ರಣವನ್ನು ಕಣ್ಣು ತಿಳಿನೀಲಿಯೆಂದು ಓದುವದು. ಅಂದಮೇಲೆ ಆಕಾಶದ ಬಣ್ಣದಲ್ಲಿ ಸೂರ್ಯನದೂ ಗಾಳಿಯದೂ ಇರುವಂತೆ ನಮ್ಮ ಕಣ್ಣಿನದೂ ಒಂದು ಪಾಲಿದೆ.

ನೀಲಿಯು ಸೂರ್ಯನ ಬೆಳಕೇ ಹೊರತು ಮುಗಿಲಿನ ಸ್ವಂತ ಆಸ್ತಿಯಲ್ಲ ಎಂಬದಕ್ಕೆ ನಮ್ಮ ಸೀಮೆಯೇ ಒಮ್ಮೆ ಸಾಕ್ಷಿಯಾಗಿತ್ತು. 1868ನೆಯ ಆಗಸ್ಟ್ 18ರಂದು ಸಂಪೂರ್ಣ ಸೂರ್ಯಗ್ರಹಣವಾಯಿತು. ಅದನ್ನು ಪರೀಕ್ಷಿಸಲು ಲೆಫ್ಟಿನಂಟ್ ಹರ್ಶೆಲ್ಲನು ಜಮಖಂಡಿಯಲ್ಲಿಯೂ ಕ್ಯಾಪ್ಟನ್ ಹೇಗನು ವಿಜಾಪುರದಲ್ಲಿಯೂ, ಫ್ರಾನ್ಸದ ಜಾನ್ಸೆನ್ನನು ಗುಂಟೂರಿನಲ್ಲಿಯೂ ದೂರದರ್ಶಕಗಳನ್ನು ಹೂಡಿ ಕುಳಿತಿದ್ದರು. ಜಮಖಂಡಿಯಿಂದ ಗುಂಟೂರಿಗೆ ಚಾಚಿದ ಆ ನೆರಳಿನ ಪಟ್ಟೆಯಲ್ಲಿ ತಾಳಿಕೋಟೆಯೂ ಇದ್ದಿತು. ಮಳೆಗಾಲದ ಮೋಡಗಳು ಹರ್ಶೆಲ್ಲನನ್ನೂ ಹೇಗನನ್ನೂ ಕಾಡಿದವು. ಆದರೂ ಸೂರ್ಯನ ಅಂಚಿನಿಂದೇಳುವ ಜ್ವಾಲೆಗಳ ಬೆಳಕನ್ನು ಅವರು ಬಿಡಿಸಿ ನೋಡಿ, ಅವು ಉರಿಯುವ ಅನಿಲಗಳೆಂದು ತಿಳಿದುಕೊಂಡರು. ಚಂದ್ರನು ಸೂರ್ಯನನ್ನು ಪೂರ್ಣವಾಗಿ ಮರೆಮಾಡಿದೊಡನೆ ಗಾಳಿಯು ಇದ್ದಲ್ಲಿಯೇ ಇರುವದು, ಆದರೆ ನೀಲಿಯು ಅಳಿದು ಹಗಲಿನಲ್ಲಿಯೇ ಚುಕ್ಕೆಗಳು ಮೂಡುವವು. ಬೆಳಕಿಲ್ಲದೆ ಗಾಳಿಗೆ ಬಣ್ಣವಿಲ್ಲ. ಇದರ ವಿಪರೀತವನ್ನು 1969ರಲ್ಲಿ ಚಂದ್ರನ ಮೇಲೆ ಇಳಿದವರು ಕಂಡರು: ಅಲ್ಲಿ ಸೂರ್ಯನು ಪ್ರಖರವಾಗಿ ಬೆಳಗುತ್ತಿದ್ದರೂ ಆಕಾಶವು ಕಾಡಿಗೆಯಂತೆ ಕಪ್ಪು. ಗಾಳಿಯಿಲ್ಲದೆ ಬೆಳಕಿಗೆ ನೀಲಿಯಿಲ್ಲ.

ಸಂಜೆಯ ಕೆಂಪು ಇನ್ನು ತಾನಾಗಿಯೇ ತಿಳಿಯುವದು. ನೆತ್ತಿಯ ಸೂರ್ಯನ ಕಿರಣಗಳಿಗಿಂತ ದಿಗಂತದ ಸೂರ್ಯನ ಕಿರಣಗಳು ಸುಮಾರು 38 ಪಟ್ಟು ಗಾಳಿಯನ್ನು ಹಾದು ಬರಬೇಕು. ಅಷ್ಟು ದೂರದ ಹಾದಿಯಲ್ಲಿ ನೀಲಿಯೆಲ್ಲ ಚೆಲ್ಲಿಹೋಗಿ ಕೆಂಪು ಮಾತ್ರ ಉಳಿಯುವದು. ಬೇಸಿಗೆಯ ಮುಗಿಲು ಬೂದಿಬಣ್ಣಕ್ಕೆ ತಿರುಗುವದೇಕೆ? ಎರೆಹೊಲಗಳ ಧೂಳು ಗಾಳಿಯಲ್ಲಿ ತುಂಬಿರುವದು. ಧೂಳಿನ ಕಣವು ಅಣುವಿನಷ್ಟು ಸಣ್ಣದಲ್ಲವಾದ್ದರಿಂದ ಅದು ಪಕ್ಷಪಾತ ಮಾಡದೆ ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿ ಚೆದರಿಸಿ ನೀಲಿಯನ್ನು ಮಾಸಿಸುವದು. ಮಳೆಯು ಆ ಧೂಳನ್ನು ತೊಳೆದ ಮೇಲೆ ಅಚ್ಚನೀಲಿಯು ಹೊರಬೀಳುವದು. ತಾಳಿಕೋಟೆಯ ಮಾಳಿಗೆಯ ಮೇಲಿಂದ ನಾವು ಕಂಡದ್ದು ಇದನ್ನೇ.

ಇದೇ ತತ್ತ್ವವು ಒಲೆಯ ಬಳಿಯಲ್ಲಿಯೂ ಕಾಣುವದು. ಮಾಳಿಗೆಯ ಮನೆಯ ಬೆಳಕಿಂಡಿಯಿಂದ ಬಿಸಿಲುಕೋಲು ಇಳಿದಾಗ, ಒಲೆಯ ತೆಳುಹೊಗೆಯು ಅದರಲ್ಲಿ ನೀಲಿಯಾಗಿ ಸುಳಿಯುವದನ್ನೂ, ಅನ್ನದ ಗಡಿಗೆಯ ಉಗಿಯು ಬೆಳ್ಳಗೆ ಏಳುವದನ್ನೂ ನಮ್ಮ ಗೃಹಿಣಿಯರು ನೋಡಿಯೇ ಇರುವರು. ಉಗಿಯ ಹನಿಗಳು ದೊಡ್ಡವು, ಆದುದರಿಂದ ಮೋಡದಂತೆ ಬಿಳುಪು. ಹೊಗೆಯ ಕಣಗಳು ಬಲು ಸಣ್ಣವು, ಆದುದರಿಂದ ಮುಗಿಲಿನಂತೆ ನೀಲಿ. ನೋಟಕ್ಕೆ ಇದು ಚೆಲುವೇ. ಆದರೆ ಒಂದು ಎಚ್ಚರಿಕೆಯ ಮಾತನ್ನು ಇಲ್ಲಿ ಹೇಳದಿರಲಾರೆವು. ಕಟ್ಟಿಗೆಯ ಹೊಗೆಯ ಕಣಗಳಲ್ಲಿ ಬಹುಪಾಲು ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ಚಿಕ್ಕವು. ಯಾವ ಸಣ್ಣತನದಿಂದ ಅವು ನೀಲಿಯಾಗಿ ಕಾಣುವವೋ ಅದೇ ಸಣ್ಣತನದಿಂದ ಮೂಗು ಗಂಟಲುಗಳ ತಡೆಯನ್ನು ದಾಟಿ ಪುಪ್ಪುಸದ ಆಳಕ್ಕಿಳಿಯುವವು. 2016ರ ತರುವಾಯ ಉಜ್ವಲಾ ಯೋಜನೆಯಿಂದ ಅನೇಕ ಬಡವರ ಮನೆಗಳಿಗೂ ಗ್ಯಾಸು ಬಂದಿರುವದು ನಿಜ. ಆದರೂ ತೊಗರಿಕಟ್ಟಿಗೆ, ಕುಳ್ಳುಗಳ ಒಲೆಗಳು ಇನ್ನೂ ಆರಿಲ್ಲ. ಮುಗಿಲಿನ ನೀಲಿಯು ಮುಗಿಲಿನಲ್ಲಿದ್ದರೆ ಚಂದ. ಅಡಿಗೆಯ ಮನೆಯಲ್ಲಿ ನೀಲಿಹೊಗೆಯು ಕಂಡರೆ ಬೆಳಕಿಂಡಿಯನ್ನು ಅಗಲಿಸಿ, ಹೊಗೆಗೂಡನ್ನು ಕಟ್ಟಿಸಿ, ಕೂಸುಗಳನ್ನು ಒಲೆಯ ಬದಿಯಿಂದ ದೂರವಿಡುವದು ಮನೆಯ ಯಜಮಾನನ ಕರ್ತವ್ಯವು.

ಇನ್ನು ನಾವು ತಲೆದೂಗಿದ ಆ ಸಮುದ್ರದ ಮಾತಿಗೆ ಬರುವ. ಸಮುದ್ರವು ಆಕಾಶಕ್ಕೆ ಬಣ್ಣ ಕೊಡುವದಿಲ್ಲ, ಸರಿ. ಆಕಾಶವೇ ಸಮುದ್ರಕ್ಕೆ ಬಣ್ಣ ಕೊಡುವದೋ? ಆಳವಾದ ಕಡಲಿನ ನೀಲಿಯು ಆಕಾಶದ ಪ್ರತಿಬಿಂಬವೆಂದೇ ರೇಲೀಯಂಥ ಪಂಡಿತನೂ ನಂಬಿದ್ದನು. 1921ರಲ್ಲಿ ಕಲಕತ್ತೆಯ ಪ್ರಾಧ್ಯಾಪಕರಾಗಿದ್ದ ಚಂದ್ರಶೇಖರ ವೆಂಕಟರಾಮನ್ನರು ಆಕ್ಸ್‌ಫರ್ಡಿನ ವಿಶ್ವವಿದ್ಯಾಲಯಗಳ ಸಮ್ಮೇಳನಕ್ಕೆ ಹೋಗಿ, ನಾರ್ಕುಂಡಾ ಎಂಬ ಹಡಗಿನಲ್ಲಿ ಮರಳುತ್ತಿದ್ದರು. ಮೆಡಿಟರೇನಿಯನ್ ಸಮುದ್ರದ ನೀಲಿಯು ಅವರ ಮನಸ್ಸನ್ನು ಸೆಳೆದಿತ್ತು. ಅವರು ದೊಡ್ಡವರ ಮಾತಿಗೆ ತಲೆದೂಗಲಿಲ್ಲ. ನಿಕಲ್ ಪಟ್ಟಕವೆಂಬ ಪುಟ್ಟ ಉಪಕರಣವೊಂದು ಅವರ ಹತ್ತಿರವಿತ್ತು. ಅದನ್ನು ತಕ್ಕ ಓರೆಯಲ್ಲಿ ಹಿಡಿದರೆ ನೀರಿನ ಮೇಲ್ಮೈಯಿಂದ ಪುಟಿದ ಆಕಾಶದ ಬೆಳಕು ಅಡಗುವದು. ಅಡಗಿಸಿ ನೋಡಿದರು, ಕಡಲು ಮಂಕಾಗಲಿಲ್ಲ, ಇನ್ನೂ ಗಾಢವಾದ ನೀಲಿಯಾಗಿ ಕಂಡಿತು! ಪ್ರತಿಬಿಂಬದ ಮಾತು ಅಲ್ಲಿಗೆ ಮುಗಿಯಿತು. ನೀರಿನ ಅಣುಗಳೂ ಬೆಳಕನ್ನು ಚೆದರಿಸುವವೆಂದು ಅವರು ಬರೆದು, ಸಪ್ಟೆಂಬರ ತಿಂಗಳಲ್ಲಿ ಮುಂಬಯಿಯ ಬಂದರದಿಂದಲೇ ‘ನೇಚರ್’ ಪತ್ರಿಕೆಗೆ ಕಳಿಸಿದರು. ನೀರು ತಾನೂ ಕೆಂಪನ್ನು ಹೀರಿಕೊಳ್ಳುವದರಿಂದ ಕಡಲಿನ ನೀಲಿಗೆ ಅದೂ ದೊಡ್ಡ ಕಾರಣವೆಂದು ಈಗ ತಿಳಿದಿದೆ.

ಆ ಹಡಗಿನ ಮೇಲೆ ಮೊಳೆತ ಪ್ರಶ್ನೆಯೇ ಬೆಳೆಯುತ್ತ ಹೋಗಿ 1928ನೆಯ ಫೆಬ್ರುವರಿ 28ರ ಶೋಧವಾಯಿತು, 1930ರಲ್ಲಿ ನೋಬೆಲ್ ಪಾರಿತೋಷಕವನ್ನು ತಂದಿತು. 1933ರಲ್ಲಿ ರಾಮನ್ನರು ಬೆಂಗಳೂರಿನ ತಾತಾ ವಿಜ್ಞಾನಮಂದಿರಕ್ಕೆ ಬಂದು, 1948ರಲ್ಲಿ ಅಲ್ಲಿಯೇ ತಮ್ಮ ಸಂಶೋಧನಮಂದಿರವನ್ನು ಕಟ್ಟಿ, 1970ರಲ್ಲಿ ತೀರಿಕೊಳ್ಳುವವರೆಗೂ ಕನ್ನಡನಾಡಿನಲ್ಲಿಯೇ ಇದ್ದರು. ಎಂಬತ್ತು ತುಂಬಿದ ಮೇಲೆ, 1968ನೆಯ ಡಿಸೆಂಬರ 22ರಂದು, ಅಹಮದಾಬಾದಿನಲ್ಲಿ ಒಂದು ವಿಜ್ಞಾನಕೇಂದ್ರದ ಅಡಿಗಲ್ಲಿನ ಸಮಾರಂಭಕ್ಕೆ ಅವರನ್ನು ಕರೆದಿದ್ದರು. ಅಂದು ಅವರು ಮಾತಿಗೆ ಆರಿಸಿಕೊಂಡ ವಿಷಯವು ಯಾವದು? ‘ಆಕಾಶವೇಕೆ ನೀಲಿ?’ ಜಗತ್ತೇ ಮನ್ನಿಸಿದ ಮುದುಕನಿಗೆ ಈ ಪ್ರಶ್ನೆಯು ಹುಡುಗಾಟಿಕೆಯದೆಂದು ತೋರಲಿಲ್ಲ. ನಮಗೆ ಮಾತ್ರ ತೋರಿತು.

ವಾಚಕರೇ, ಮಕ್ಕಳ ಪ್ರಶ್ನೆಗಳಿಗೆಲ್ಲ ಉತ್ತರವನ್ನು ಬಲ್ಲ ತಂದೆತಾಯಿಗಳು ಯಾವ ಊರಲ್ಲಿಯೂ ಇಲ್ಲ. ಇರಬೇಕೆಂದು ಮಕ್ಕಳೂ ಬಯಸುವದಿಲ್ಲ. ಗೊತ್ತಿಲ್ಲವೆಂದರೆ ಹಿರಿತನಕ್ಕೆ ಕುಂದೆಂದು ನಾವೇ ಭ್ರಮಿಸಿ, ಸುಳ್ಳನ್ನು ಹೇಳುವೆವು. ಸುಳ್ಳು ಸಿಕ್ಕಿಬಿದ್ದಾಗ ಗದರಿಸುವೆವು. ಗದರಿಸಿದ ಪ್ರಶ್ನೆಯು ಮೆಟ್ಟಲಿಳಿದು ಹೋದರೆ ಮತ್ತೆ ಮಾಳಿಗೆಗೆ ಬರುವದೆಂಬ ಭರವಸೆಯಿಲ್ಲ. ಆ ಅಜ್ಜನು ಸಾಲೆಯ ಮೆಟ್ಟಲು ಹತ್ತಿದವನಲ್ಲ. ಆದರೆ ಅಂದು ಆ ಮನೆಯಲ್ಲಿ ಗುರುವಾದವನು ಅವನೇ.

ಮೇಲಿನ ಸಂಗತಿಗಳನ್ನೆಲ್ಲ ಸರಳವಾದ ಮಾತಿನಲ್ಲಿ ಬರೆದು, ನಮ್ಮ ತಪ್ಪನ್ನೂ ಒಪ್ಪಿಕೊಂಡು, ಹುಡುಗನ ಹೆಸರಿಗೇ ಒಂದು ಕಾಗದವನ್ನು ಹಾಕಿದೆವು. ಸ್ನೇಹಿತರಿಂದ ಉತ್ತರ ಬಂದಿದೆ. ಹಾಲಿನ ಲೋಟದ ಪ್ರಯೋಗವನ್ನು ತಂದೆಮಕ್ಕಳಿಬ್ಬರೂ ಕೂಡಿಯೇ ಮಾಡಿದರಂತೆ. ಮುತ್ಯಾನು ಬ್ಯಾಟರಿ ಹಿಡಿದಿದ್ದನಂತೆ. ಕಾಗದದ ಕೊನೆಗೆ ಹುಡುಗನು ತನ್ನ ಕೈಯಿಂದಲೇ ಎರಡು ಸಾಲು ಬರೆದಿದ್ದಾನೆ: ‘ಚುಕ್ಕಿ ಅಷ್ಟು ಅದಾವ. ಮತ್ತ ರಾತ್ರಿ ಮುಗಿಲು ಯಾಕ ಕರ್ರಗ ಐತಿ?’

ಇದಕ್ಕೆ ನಾವು ಮರುಟಪ್ಪಾಲಿಗೇ ಉತ್ತರವನ್ನು ಕಳಿಸಿದೆವು: ‘ನಮಗೂ ಗೊತ್ತಿಲ್ಲ ತಮ್ಮಾ. ಗೊತ್ತಿದ್ದವರನ್ನ ಕೇಳೋಣು.’